ಒಂದು ಒಲೆಗೆ ಒಂದು ಸೈಟು

ಹೊಳೆ ಇಳಿದು ಹದಿನೆಂಟು ದಿನಕ್ಕೆ ದೊಡ್ಡಬಸಮ್ಮನ ಮನೆಯವರು ಕೊಳ್ಳೇಗಾಲದ ಪರಿಹಾರ ಕೇಂದ್ರದಿಂದ ಹೊಳೆಪಾಳ್ಯಕ್ಕೆ ವಾಪಸು ಬಂದರು. ಗಂಡಸರು ಮೊದಲು ನೋಡಿದ್ದು ತಮ್ಮ ಮನೆಯನ್ನಲ್ಲ, ಅಕ್ಕಪಕ್ಕದವರದನ್ನು. ಯಾರ ಮನೆ ಎಷ್ಟು ಬಿದ್ದಿದೆ, ಬೀಳದಿದ್ದರೆ ಯಾಕೆ ಬಿದ್ದಿಲ್ಲ, ಬಿದ್ದಿದ್ದರೆ ತಾನಾಗಿ ಬಿತ್ತೋ ಇಲ್ಲ ಪರಿಹಾರದ ಆಸೆಗೆ ಯಾರಾದರೂ ಹಾರೆ ಹಾಕಿದರೋ ಎಂದು ಬೀದಿಯಲ್ಲೇ ನಿಂತು ತರ್ಕಕ್ಕೆ ಶುರುವಿಟ್ಟರು. ದೊಡ್ಡ ಸೊಸೆ ರತ್ನ ಮಾತ್ರ ಸೀದಾ ಒಳಗೆ ಹೋದಳು. ಅಡುಗೆಮನೆಯ ಹಿಂದಿನ ಗೋಡೆ ಇರಲಿಲ್ಲ. ಗೋಡೆಯಿದ್ದ ಜಾಗದಿಂದ ಕಾವೇರಿ ಕಾಣುತ್ತಿತ್ತು. ತಾನು ಏನೂ ಮಾಡೇ ಇಲ್ಲ ಅನ್ನುವ ಹಾಗೆ ತಣ್ಣಗೆ ಹರಿಯುತ್ತಿತ್ತು.

ರತ್ನ ಈ ಮನೆ ತುಂಬಿದ ಮೇಲೆ ಇದು ಮೂರನೆಯ ನೆರೆ. ಮೂರು ಸಲವೂ ಗಂಡಸರು ಹೆಂಚು ಎಣಿಸುತ್ತಾ ನಿಂತಾಗ ಮೊಣಕಾಲುದ್ದ ಕೆಸರು ಬಾಚಿ ಹೊರಗೆ ಹಾಕಿದವಳು ಅವಳು. ಗ್ಯಾಸ್ ಸಿಲಿಂಡರು ಈ ಸಲ ಹೊಳೆಯ ಪಾಲಾಗಿತ್ತು. ಮದುವೆಯಲ್ಲಿ ತವರಿನವರು ಕೊಟ್ಟ ಬೀರು ಮಕಾಡೆ ಬಿದ್ದುಕೊಂಡಿತ್ತು.

"ಕೆಸ್ರು ಬಾಚದು ಇದೇ ಕೊನೆ," ಅಂದಳು ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ. "ಮುಂದ್ಲ ಸಲ ಹೊಳೆ ಬಂದಾಗ ನಾನು ಈ ಮನೇಲಿರಕಿಲ್ಲ."

"ಇನ್ನೆಲ್ಲಿದ್ದೀಯೆ?" ಗಂಡ ಪ್ರಭುಸ್ವಾಮಿ ಬಾಗಿಲಲ್ಲೇ ನಿಂತು ಕೇಳಿದ.

"ಎಲ್ಲಾರ ದಿಣ್ಣೆ ಮ್ಯಾಲ. ನೀರು ಏಣಿ ಆಕಂಡ್ರೂ ಅತ್ತಬಾರ್ದು."

"ಗದ್ದೆ ಇಲ್ಲೇ ಅದ, ಇಪ್ನೇರ್ಳೆ ತೋಟ ಇಲ್ಲೇ ಅದ, ದನ ಇಲ್ಲೇ ಅವ. ದಿಣ್ಣೆ ಮ್ಯಾಲ ಕುಂತು ಏನ ಮಾಡನ? ಒಂದು ಗೋಡೆ ತಾನೆ ಓಗಿರದು? ಸೈಜುಗಲ್ಲಲ್ಲಿ ಕಟ್ಟುದ್ರ ಅಲ್ಲಾಡಕಿಲ್ಲ."

"ಓದ್ಸಲವೂ ಇದೇ ಯೋಳುದ್ರಿ."

"ಓದ್ಸಲ ಇಟ್ಟಿಗೇಲಿ ಕಟ್ಟಿದ್ದು ಕಣೆ."

ಅತ್ತೆ ದೊಡ್ಡಬಸಮ್ಮ ಜಗಲಿಯ ಮೇಲೆ ಕುಳಿತು ಒದ್ದೆ ವಿಭೂತಿಗಟ್ಟಿಯನ್ನು ಬಿಸಿಲಿಗೆ ಇಟ್ಟಿದ್ದರು. ಅವರು ಯಾರ ಕಡೆಗೂ ಮಾತಾಡಲಿಲ್ಲ. ಮನೆ ಇದ್ದದ್ದು ಅವರ ಹೆಸರಿನಲ್ಲಿ. ಗಂಡ ದೊಡ್ಡಮಾದಯ್ಯ ಸಾಯುವ ಮುಂಚೆ ಹಕ್ಕುಪತ್ರವನ್ನು ಹೆಂಡತಿಯ ಹೆಸರಿಗೆ ಮಾಡಿಸಿ ಹೋಗಿದ್ದ. ಹಾಗೇಕೆ ಮಾಡಿದ, ಮಕ್ಕಳ ಮೇಲೆ ನಂಬಿಕೆ ಇರಲಿಲ್ಲವೇ ಎಂದು ರತ್ನಳಿಗೆ ಇವತ್ತಿಗೂ ಒಂದು ಗುಮಾನಿ.

ಗುಮಾನಿಯ ವಿಷಯದಲ್ಲಿ ರತ್ನ ಪಳಗಿದವಳು. ಅಂಗಡಿಯವನು ಒಂದು ದಿನ ಅಳತೆಗಿಂತ ಹೆಚ್ಚು ಎಣ್ಣೆ ಹಾಕಿದರೆ ಕಲಬೆರಕೆ ಮಾಡಿದ್ದಾನೆ ಎನ್ನುವವಳು. ನೆಗೆಣ್ಣಿ ಕೋಮಲ ನಕ್ಕು ಮಾತಾಡಿಸಿದರೆ ಏನೋ ಕೇಳಲಿಕ್ಕಿದ್ದಾಳೆ, ನಗದಿದ್ದರೆ ಏನೋ ಮುಚ್ಚಿಟ್ಟಿದ್ದಾಳೆ. ಹೀಗೆ ಇಬ್ಬರೂ ಎಂಟು ವರ್ಷದಿಂದ ಒಂದೇ ಒಲೆಯ ಮುಂದೆ ಕುಳಿತು ಸಾರು ಕುದಿಸಿದ್ದರು. ಅದು ಕೆಟ್ಟಿರಲೂ ಇಲ್ಲ.

ಆ ವಾರದ ಕೊನೆಗೆ ಗ್ರಾಮಲೆಕ್ಕಿಗ, ಊರಿನವರ ಬಾಯಲ್ಲಿ ವಿಎ, ಮಲ್ಲಿಕಾರ್ಜುನಸ್ವಾಮಿ ಫೈಲು ಹಿಡಿದುಕೊಂಡು ಬಂದು ಅರಳಿಕಟ್ಟೆಯಲ್ಲಿ ಊರಿನವರನ್ನು ಸೇರಿಸಿದ. ಆರು ಕಿಲೋಮೀಟರ್ ಮೇಲೆ, ಕಾಮಗೆರೆ ದಿಕ್ಕಿಗೆ, ಗೋಮಾಳದಲ್ಲಿ ಸೈಟು ಮಾಡಿದ್ದಾರಂತೆ. ಬರುವವರು ಬರಬಹುದು, ಇರುವವರು ಇರಬಹುದು, ಬಲವಂತವಿಲ್ಲ. ಆದರೆ ಅಲ್ಲಿ ಸೈಟು ತೆಗೆದುಕೊಂಡವರು ಇಲ್ಲಿನ ಹಕ್ಕುಪತ್ರ ವಾಪಸು ಕೊಡಬೇಕು. ಮತ್ತೆ ಇಲ್ಲಿ ಒಂದು ಇಟ್ಟಿಗೆಯನ್ನೂ ಇಡುವ ಹಾಗಿಲ್ಲ.

"ನಾವೆದ್ದೋದ ಮಾರನೇ ದಿನ ಇಲ್ಲಿ ರೆಸಾರ್ಟು ಏಳ್ತದ," ಅಂದ ಮುದುಕ ಚಿಕ್ಕಮಾದಪ್ಪ. "ಒಳೆ ದಂಡೆ ಜಾಗ ಯಾರ್ಗ ಬ್ಯಾಡ?"

"ಮುಳುಗೋ ಜಾಗದಲ್ಲಿ ರೆಸಾರ್ಟು ಕಟ್ಟಕ ಅವ್ರಿಗೇನು ತಲೆ ಕೆಟ್ಟಿದ್ದದಾ?" ಎಂದು ಯಾರೋ ಹಿಂದಿನಿಂದ ಕೇಳಿದರು.

"ನಿಂಗ ಕೆಟ್ಟಿಲ್ವಾ? ಮೂರು ಸಲ ಕಟ್ಟಿದ್ದೀಯ."

ಜನ ನಕ್ಕರು. ನಕ್ಕ ಮೇಲೆ ಮತ್ತೆ ಜಗಳಕ್ಕೆ ಬಿದ್ದರು. ಅಲ್ಲಿ ನೀರಿಲ್ಲ ಎಂದು ಕೆಲವರು, ಇಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಇದೆ ಎಂದು ಕೆಲವರು. ಊರೆಂದರೆ ಎಲ್ಲ ಹೋಗಬೇಕು, ಇಲ್ಲ ಎಲ್ಲ ಇರಬೇಕು, ಅರ್ಧ ಅಲ್ಲಿ ಅರ್ಧ ಇಲ್ಲಿ ಆದರೆ ಸತ್ತವರನ್ನು ಹೊರುವುದಕ್ಕೂ ಜನ ಸಾಲದು ಎಂದು ಪ್ರಭುಸ್ವಾಮಿ ಎದ್ದು ನಿಂತು ಹೇಳಿದ. ವಿಎ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದು ಮಾತು ಹೇಳಿದ: "ಒಂದು ಒಲೆಗೆ ಒಂದು ಸೈಟು. ಒಂದೇ ಸೂರಿನಡಿ ಇದ್ರೂ ಬೇರೆ ಬೇರೆ ಬೇಯಿಸ್ಕೊಂಡು ಉಣ್ತಿದ್ರೆ ಬೇರೆ ಕುಟುಂಬ. ಸರ್ವೆಗೆ ನಾನೇ ಬರ್ತೀನಿ. ಯಾವತ್ತು ಅಂತ ಹೇಳೋದಿಲ್ಲ."

ಆವತ್ತು ಊಟಕ್ಕೆ ಕುಳಿತಾಗ ಮೈದುನ ಶಿವರಾಜು ಮುದ್ದೆ ಮುರಿಯುವ ಮೊದಲೇ ವಿಷಯ ಮುರಿದ. ಅವನು ಕೊಳ್ಳೇಗಾಲದಲ್ಲಿ ಗೂಡ್ಸ್ ಆಟೋ ಓಡಿಸುತ್ತಿದ್ದ. ರೇಷ್ಮೆ ವ್ಯಾಪಾರಿಗಳ ಗಂಟು ಮೂಟೆ ಸಾಗಿಸಿ ಸಾಗಿಸಿ ಅವನಿಗೂ ವ್ಯಾಪಾರದ ಮಾತು ಬಂದಿತ್ತು.

"ಇನ್ನೊಂದು ಒಲೆ ಹೂಡನ," ಅಂದ. "ಕೋಮಲ ಕೊಟ್ಟಿಗೇಲಿ ಬೇಯಿಸ್ಕತಾಳ, ಅತ್ಗೆ ಪಡಸಾಲೇಲಿ. ಸರ್ವೆ ಆಗೋಗಂಟ. ಎರಡು ಸೈಟು ಬತ್ತದ."

"ಸುಳ್ಳು ಒಲೆನಾ?" ಪ್ರಭುಸ್ವಾಮಿಯ ಕೈ ತಟ್ಟೆಯಲ್ಲೇ ನಿಂತಿತು.

"ಊರೆಲ್ಲ ಹೂಡ್ತಾವ್ರೆ ಕಣಣ್ಣ. ಇವತ್ತು ಸಂಜೆಗೇ ಒಲೆಗುಂಡಿಗೆ ಕಲ್ಲು ಸಿಕ್ತಿಲ್ಲ."

ದೊಡ್ಡಬಸಮ್ಮ ತಲೆ ಎತ್ತಿದರು. "ಒಲೆ ಅಂಗೆಲ್ಲ ಸುಳ್ಳಾಗಕಿಲ್ಲ ಕಣ್ಲಾ. ಅಚ್ಚುದ್ರ ಉರಿತದ."

"ಹದಿನೈದು ದಿನಕ್ಕ ಏನಾಯ್ತದವ್ವ?"

ಶಿವರಾಜು ಯಾರಿಗೂ ಪುಕ್ಕಟೆ ಒಳ್ಳೆಯದು ಬಯಸಿದವನಲ್ಲ, ಇದರ ಹಿಂದೆ ಏನೋ ಇದೆ ಎಂದು ರತ್ನಳಿಗೆ ಆಗಲೇ ಅನ್ನಿಸಿತ್ತು. ಆದರೆ ಎರಡು ಸೈಟು ಎಂದರೆ ಒಂದು ತನ್ನದು. ತನ್ನದೇ ಬಾಗಿಲು, ತನ್ನದೇ ಬೀಗ. ಆಗಸ್ಟ್ ತಿಂಗಳಲ್ಲಿ ಹೊಳೆ ಎಷ್ಟು ಏರಿತು ಎಂದು ಎದ್ದೆದ್ದು ನೋಡದೆ ಮಲಗುವ ಮನೆ. ಇಪ್ಪತ್ತು ವರ್ಷದಲ್ಲಿ ಅವಳು ಇನ್ಯಾವುದನ್ನೂ ಇಷ್ಟು ಆಸೆಪಟ್ಟಿರಲಿಲ್ಲ. ಗಂಡನ ಕಡೆ ತಿರುಗಿ, "ಹೂಡನ ಬುಡಿ," ಅಂದಳು.

ಪಾತ್ರೆ ಹಂಚಿಕೆ ನಗುನಗುತ್ತಲೇ ಶುರುವಾಯಿತು. ಸುಳ್ಳು ಪಾಲು ತಾನೇ ಎಂದು ಕೋಮಲ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಳು. ಅವಳ ಕೈಗೆ ಸಿಕ್ಕಿದ್ದು ದೊಡ್ಡ ಹಿಟ್ಟಿನ ಪಾತ್ರೆ, ಮುದ್ದೆ ತಿರುವುವ ಹೊಸ ಹಿಟ್ಟಿನ ದೊಣ್ಣೆ, ನಿಂಬೆ ಉಪ್ಪಿನಕಾಯಿಯ ಜಾಡಿ.

"ಜಾಡಿ ಬುಟ್ಟಿರವ್ವ, ಭವ್ಯಂಗ ಉಪ್ಪಿನಕಾಯಿ ಇಲ್ದಿದ್ರ ಗಂಟಲಲ್ಲಿ ಇಳಿಯಕಿಲ್ಲ," ಅಂದಳು ರತ್ನ.

"ಸರ್ವೆ ಸಾಹೇಬ್ರು ಬಂದಾಗ ಈ ಒಲೆ ಮುಂದ ಏನೂ ಇಲ್ದಿದ್ರ ಅನ್ಮಾನ ಪಡಕಿಲ್ವಾ ಅಕ್ಕ?"

ಉಪ್ಪಿನಕಾಯಿ ಜಾಡಿ ನೋಡಿ ಸೈಟು ಕೊಡುವ ಸಾಹೇಬ ಯಾವನು ಎಂದು ಕೇಳುವಂತಿತ್ತು, ರತ್ನ ಕೇಳಲಿಲ್ಲ. ಕಾಲೇಜಿಗೆ ಹೋಗುವ ಮಗಳು ಭವ್ಯ ಅರ್ಧ ಬಟ್ಟಲು ಉಪ್ಪಿನಕಾಯಿ ಈಸಿಕೊಂಡು ಬಂದಳು. ಮಾರನೆಯ ದಿನ ಬೆಳಿಗ್ಗೆ ಮನೆಯ ಎರಡು ಕಡೆಯಿಂದ ಹೊಗೆ ಎದ್ದಿತು.

ದೊಡ್ಡಬಸಮ್ಮ ಯಾವ ಒಲೆ ಎಂದು ಯಾರೂ ಗೊತ್ತುಮಾಡಿರಲಿಲ್ಲ. ಇಷ್ಟ ಬಂದ ಕಡೆ ಉಣ್ಣುತ್ತಾರೆ, ಅದರಲ್ಲೇನು? ಮೊದಲ ದಿನ ಅವರು ಕೊಟ್ಟಿಗೆಯ ಕಡೆಗೆ ಹೋದರು. ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಎಳೆದುಕೊಂಡು, ಕೋಮಲಳ ಎರಡು ವರ್ಷದ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಂಡು ಬಂದರು. ಕೈ ತೊಳೆಯಲು ನೀರು ಕೊಡುವ ನೆವದಲ್ಲಿ ರತ್ನ ಚೊಂಬು ಹಿಡಿದು ನಿಂತಳು.

"ಏನ್ ಸಾರು ಅತ್ತೆ ಅಲ್ಲಿ?"

"ಉಪ್ಸಾರು ಕಣವ್ವ."

"ಬರೀ ಉಪ್ಸಾರಾ? ತುಪ್ಪದ ವಾಸ್ನೆ ಇಲ್ಲಿಗಂಟ ಬಂತಲ್ಲ."

"ಕೂಸಿನ ಅನ್ನಕ್ಕ ಒಂದ್ ತೊಟ್ಟು ಬುಟ್ಟಳೇನೋ."

"ತುಪ್ಪ ಎಲ್ಲಿಂದ ಬಂತಂತೆ?"

ಮುದುಕಿ ಕೈ ಒರೆಸಿಕೊಂಡು ಜಗಲಿಗೆ ಹೋದರು. ಮಾರನೆಯ ದಿನ ರತ್ನಳ ಕಡೆ ಕುಳಿತರು. ಮುದ್ದೆ, ಮೆಂತ್ಯದ ಸೊಪ್ಪಿನ ಸಾರು. ಎರಡು ತುತ್ತು ಒಳಗೆ ಹೋಗಿತ್ತು.

"ಶಿವರಾಜು ದಿನಾ ಸಂಜೆ ಚೀಲ ತತ್ತನಲ್ಲ, ಏನು ಅತ್ತೆ ಅದ್ರಲ್ಲಿ?"

"ನಾನ್ ನೋಡ್ನಿಲ್ಲ ಕಣೆ."

"ನಿಮ್ಮೆದ್ರಿಗೇ ಬಿಚ್ಚಕಿಲ್ವಾ?"

"ಉಣ್ಣಕ ಬುಡವ್ವ."

"ಉಣ್ಣಿ ಉಣ್ಣಿ, ನಾನೇನ್ ಬ್ಯಾಡ ಅಂದ್ನಾ? ಕೇಳುದ್ರ ತಪ್ಪಾ?"

ತಾನು ಬಹಳ ಜಾಣತನದಿಂದ ಕೇಳುತ್ತಿದ್ದೇನೆ ಎಂದೇ ರತ್ನ ತಿಳಿದಿದ್ದಳು. ಐದಾರು ದಿನ ಹೀಗೆ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ತಟ್ಟೆ ಹಾಕಿ ಕರೆದರೆ ಮುದುಕಿ, "ಅಲ್ಲುಂಡೆ ಕಣವ್ವ," ಎಂದು ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಮಾರನೆಯ ದಿನವೂ ಅದೇ ಮಾತು. ಅದರ ಮಾರನೆಯ ದಿನವೂ.

ರತ್ನಳಿಗೆ ಖಚಿತವಾಯಿತು. ಕೋಮಲ ಅತ್ತೆಯನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಾಳೆ. ಹಕ್ಕುಪತ್ರ ವಾಪಸು ಕೊಡಬೇಕೆಂದರೆ ಹೆಬ್ಬೆಟ್ಟು ಒತ್ತಬೇಕಾದವರು ಅತ್ತೆ. ಹೆಬ್ಬೆಟ್ಟು ಯಾರ ಒಲೆಯ ಹತ್ತಿರ ಇರುತ್ತದೋ ಸೈಟು ಅವರಿಗೆ ಮೊದಲು. ಕೊಟ್ಟಿಗೆಯ ಮುಂದೆ ಕೋಮಲ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು. ಎಂಟು ವರ್ಷದಲ್ಲಿ ಇಲ್ಲದ ಎಣ್ಣೆ ಈಗೆಲ್ಲಿಂದ ಬಂತು?

ಅರ್ಜಿ ತುಂಬುವ ದಿನವೂ ಈ ಯೋಚನೆಯೇ ತಲೆಯಲ್ಲಿ ಕುಳಿತಿತ್ತು. ಶಿವರಾಜು ತನ್ನ ಅರ್ಜಿಯನ್ನು ಕೊಳ್ಳೇಗಾಲದ ಸೈಬರ್ ಸೆಂಟರಿನಲ್ಲಿ ತುಂಬಿಸಿಕೊಂಡು ಬಂದು ಯಾರಿಗೂ ತೋರಿಸದೆ ಆಟೋದ ಡಬ್ಬಿಯಲ್ಲಿ ಇಟ್ಟಿದ್ದ. ಇವರದನ್ನು ಭವ್ಯ ಪಡಸಾಲೆಯಲ್ಲಿ ಕುಳಿತು ತುಂಬಿದಳು.

"ಕುಟುಂಬದ ಸದಸ್ಯರು. ಅಪ್ಪ, ಅಮ್ಮ, ನಾನು. ಅಜ್ಜಿದು?"

"ಬ್ಯಾಡ," ಅಂದಳು ರತ್ನ. "ಅಜ್ಜಿನ ಬರುದ್ರ ಸೈಟು ಅವ್ರ ಹೆಸ್ರಿಗ ಆಯ್ತದಂತ. ಆಮ್ಯಾಕ ನಿಮ್ಮ ಚಿಕ್ಕಪ್ಪ ಅದ್ರಲ್ಲೂ ಪಾಲು ಕೇಳ್ತನ. ಅವ್ರ ಕಡೇಲಿರ್ಲಿ. ಅಲ್ಲೇ ತಾನೆ ಉಣ್ಣದು?"

"ಅವ್ರು ಬರ್ದಿಲ್ದಿದ್ರೆ?"

"ಬರೀದೆ ಬುಟ್ಟಾರಾ? ಹೆಬ್ಬೆಟ್ಟು ಬ್ಯಾಡ್ವಾ ಅವ್ರಿಗ?"

ಭವ್ಯ ಪೆನ್ನು ಕಚ್ಚಿಕೊಂಡು ಅಮ್ಮನ ಮುಖ ನೋಡಿದಳು. "ಅಜ್ಜಿ ರವಿಕೆ ತೋಳು ಸಡ್ಲ ಆಗದೆ ಕಣಮ್ಮ. ನೋಡಿದ್ಯಾ?"

"ವಯಸ್ಸಾಯ್ತು. ನೀನು ಬರೆ."

ಅಣ್ಣತಮ್ಮಂದಿರ ನಡುವೆ ಇನ್ನೊಂದು ಬಗೆಯ ಹೊಗೆ ಏಳುತ್ತಿತ್ತು. ಒಂದು ಬೆಳಿಗ್ಗೆ ಪ್ರಭುಸ್ವಾಮಿ ಟ್ರ್ಯಾಕ್ಟರಿನಲ್ಲಿ ಸೈಜುಗಲ್ಲು ತರಿಸಿ ಮನೆಯ ಹಿಂದೆ ಇಳಿಸಿದ. ಶಿವರಾಜು ಹಲ್ಲುಜ್ಜುತ್ತಿದ್ದವನು ಬಾಯಿ ತೊಳೆಯದೆ ಓಡಿಬಂದ.

"ಏನಣ್ಣ ಇದು? ಸರ್ವೆಯವ್ರು ನೋಡುದ್ರ ಇವ್ರು ಇಲ್ಲೇ ಇರೋರು ಅಂತ ಬರ್ಕಳಕಿಲ್ವಾ?"

"ಬರ್ಕಳ್ಳಿ. ನಾನ್ ಇಲ್ಲೇ ಇರೋನೆ."

"ಅತ್ಗೆ ಓಗನ ಅಂತಾವ್ರೆ."

"ನಿಮ್ಮತ್ಗೆ ಓಗ್ಲಿ. ನಿಂಗ ಸೈಟು ಯಾಕ ಅಂತ ನಂಗ ಗೊತ್ತಿಲ್ವಾ? ಕೊಳ್ಳೇಗಾಲದಲ್ಲಿ ಗಿರಾಕಿ ನೋಡಿಟ್ಟಿದ್ದೀಯ."

"ಯಾರ್ ಯೋಳುದ್ರು?"

"ಯಾರೂ ಯೋಳ್ಬೇಕಾ?"

ಯಾರೂ ಹೇಳಿರಲಿಲ್ಲ. ಹಿಂದಿನ ದಿನ ಊಟದ ಹೊತ್ತಿನಲ್ಲಿ ರತ್ನ, ಇದ್ದರೂ ಇರಬಹುದು ಎಂದು ಅಂದಿದ್ದಳು ಅಷ್ಟೆ. ಕಲ್ಲು ಅಲ್ಲೇ ಬಿದ್ದುಕೊಂಡಿತು. ಅಣ್ಣತಮ್ಮಂದಿರು ಮಾತು ಬಿಟ್ಟರು. ಹಸು ಕರೆಯುವುದು ಒಬ್ಬರ ಪಾಲಿಗೆ, ಮೇವು ತರುವುದು ಇನ್ನೊಬ್ಬರ ಪಾಲಿಗೆ ಬಿದ್ದು, ಹಾಲನ್ನು ಹಂಚುವಾಗ ಇಬ್ಬರೂ ಹೆಂಗಸರು ಲೋಟದ ಅಂಚನ್ನೇ ನೋಡುತ್ತಾ ನಿಲ್ಲತೊಡಗಿದರು. ಹದಿನೈದು ದಿನವೆಂದದ್ದು ಒಂದು ತಿಂಗಳು ದಾಟಿತು. ಸರ್ವೆ ಬರಲಿಲ್ಲ.

ರತ್ನ ಸುಮ್ಮನೆ ಕೂರುವವಳಲ್ಲ. ಒಂದು ಸೋಮವಾರ ಬೆಳಿಗ್ಗೆ ಎದ್ದು ಅಕ್ಕಿ ಹಿಟ್ಟು ಬೇಯಿಸಿ, ಒರಳು ಎಳೆದು, ಶ್ಯಾವಿಗೆ ಒತ್ತಿದಳು. ಕಾಯಿಹಾಲು ಮಾಡಿದಳು. ದೊಡ್ಡಬಸಮ್ಮನಿಗೆ ಒತ್ತುಶ್ಯಾವಿಗೆ ಎಂದರೆ ಪ್ರಾಣ. ತಟ್ಟೆ ಹಿಡಿದು ತಾನೇ ಜಗಲಿಗೆ ಹೋದಳು.

ಮುದುಕಿ ತಟ್ಟೆಯನ್ನು ನೋಡಿದರು. ಗಂಟಲಿನ ನರ ಒಮ್ಮೆ ಮೇಲೆ ಕೆಳಗೆ ಆಡಿತು.

"ಬಿಸಿ ಅದ ಅತ್ತೆ, ಉಣ್ಣಿ. ಆ ಕಡೆ ಇದ್ನೆಲ್ಲ ಮಾಡಕ ಎಲ್ಲಿ ಬತ್ತದ? ಏನ್ ಮಾಡವ್ಳೆ ಇವತ್ತು ಅವ್ಳು?"

ಕೈ ಚಾಚಿದ್ದ ಮುದುಕಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ಅಲ್ಲುಂಡೆ ಕಣವ್ವ. ಮಕ್ಕಳಿಗ ಕೊಡು."

ರತ್ನಳ ಮೈಯೆಲ್ಲ ಉರಿಯಿತು. ಶ್ಯಾವಿಗೆಯನ್ನೂ ಬೇಡವೆನ್ನಿಸುವಂಥದ್ದು ಏನು ಮಾಡಿ ಹಾಕಿದ್ದಾಳೆ ಇವಳು? ತಟ್ಟೆ ಹಿಡಿದುಕೊಂಡೇ ಕೊಟ್ಟಿಗೆಯ ಬಾಗಿಲಿಗೆ ಹೋದಳು. ಕೋಮಲ ಕೂಸಿಗೆ ಉಣ್ಣಿಸುತ್ತಿದ್ದಳು.

"ಏನವ್ವ, ಅತ್ತೆನ ಎಷ್ಟು ಅಂತ ತುಂಬ್ತೀಯೆ? ನನ್ನ ಒಲೆ ಕಡೆ ತಿರುಗಿ ನೋಡ್ದಂಗ ಮಾಡಿದ್ದೀಯಲ್ಲ!"

ಕೋಮಲ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿ ಎದ್ದಳು. "ನಾನು ತುಂಬ್ತೀನಾ? ನೀವು ದಿನಾ ಕಾಯಿಹಾಲು, ಶ್ಯಾವ್ಗೆ ಅಂತ ಮಾಡಿ ಆಕ್ತಿದ್ದೀರ. ನಮ್ಮ ಮನೆ ಮುದ್ದೆ ಅವ್ರಿಗ ರುಚಿಸ್ದೆ ಎಷ್ಟು ದಿನ ಆಯ್ತು. ಯಾವಾಗ ಕರುದ್ರೂ ಅಲ್ಲುಂಡೆ ಅಂತಾರೆ."

"ಸುಳ್ಳು ಯೋಳ್ಬ್ಯಾಡ. ಎಣ್ಣೆ ಅಚ್ಚಿದ್ದು ನಾನ್ ನೋಡ್ನಿಲ್ವಾ?"

"ಎಣ್ಣೆ ಅಚ್ಚಿದ್ದು ತಲೆ ಸುತ್ತತದ ಅಂದ್ರು ಅಂತ!"

"ತಲೆ ಯಾಕ ಸುತ್ತತದ? ನೀನು ಕಿವಿ ಊದಿದ್ದಕ್ಕೆ!"

ಇಬ್ಬರ ಗಂಟಲೂ ಬೀದಿಗೆ ಕೇಳಿಸಿತು. ಎದುರು ಮನೆಯ ಪ್ರೇಮಾ ಹೊರಗೆ ಬಂದು ಇಬ್ಬರನ್ನೂ ನೋಡಿದಳು, ಏನೋ ಹೇಳಹೋದವಳು ಜಗಲಿಯ ಮೇಲಿದ್ದ ಮುದುಕಿ ತಲೆಯಾಡಿಸಿದ್ದು ಕಂಡು ಒಳಗೆ ಹೋದಳು. ಪ್ರೇಮಾಳಿಗೂ ಇದರಲ್ಲಿ ಪಾಲಿದೆ ಎಂದು ರತ್ನ ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಳು.

ಅದಾದ ಮೂರನೆಯ ದಿನ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ವಿಎ ಮಲ್ಲಿಕಾರ್ಜುನಸ್ವಾಮಿಯ ಬೈಕು ಬಂದು ನಿಂತಿತು. ಶಿವರಾಜು ಬಾಡಿಗೆ ಇಲ್ಲದೆ ಮನೆಯಲ್ಲೇ ಇದ್ದ. ಪ್ರಭುಸ್ವಾಮಿ ಗದ್ದೆಯಿಂದ ಕಾಲು ಕೂಡ ತೊಳೆಯದೆ ಬಂದ. ಎರಡು ಒಲೆಯಲ್ಲೂ ಬೆಂಕಿ ಇತ್ತು, ಎರಡರ ಮೇಲೂ ಎಸರು ಕುದಿಯುತ್ತಿತ್ತು. ಯಾರೂ ಹೇಳಿಕೊಡದೆ ಎಲ್ಲವೂ ಸರಿಯಾಗಿ ಕೂಡಿಬಂದಿತ್ತು. ರತ್ನ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೊಂದು ಅರ್ಧ ಗಂಟೆ ಕಳೆದರೆ ದಿಣ್ಣೆಯ ಮೇಲಿನ ಮನೆ ತನ್ನದು.

ವಿಎ ಎರಡು ಒಲೆಯನ್ನೂ ಇಣುಕಿ ನೋಡಿದ. ಹಿಂದೆ ಇದ್ದ ಸೈಜುಗಲ್ಲಿನ ರಾಶಿಯನ್ನೂ ನೋಡಿದ, ಏನೂ ಕೇಳಲಿಲ್ಲ. ಜಗಲಿಯ ಅಂಚಿನಲ್ಲಿ ಕುಳಿತು, ಮೊದಲೇ ಕೊಟ್ಟಿದ್ದ ಎರಡೂ ಅರ್ಜಿಗಳಿದ್ದ ಫೈಲು ಬಿಚ್ಚಿದ.

"ಪ್ರಭುಸ್ವಾಮಿ, ರತ್ನ, ಭವ್ಯ. ಮೂರು ಜನ."

"ಹೌದು ಸಾ."

"ಶಿವರಾಜು, ಕೋಮಲ, ಒಂದು ಮಗು. ಮೂರು ಜನ."

"ಹೌದು ಸಾ."

ಅವನು ಹಾಳೆ ತಿರುವಿದ. "ಹಕ್ಕುಪತ್ರ ಇರೋದು ದೊಡ್ಡಬಸಮ್ಮ, ಗಂಡ ದೊಡ್ಡಮಾದಯ್ಯ ಅಂತ. ಇವರು ಎರಡು ಅರ್ಜೀಲೂ ಇಲ್ಲ." ಸುತ್ತ ನಿಂತವರನ್ನು ನೋಡಿ ದನಿ ತಗ್ಗಿಸಿದ. "ಯಾವಾಗ ತೀರ್ಕೊಂಡ್ರು? ಮರಣ ಪತ್ರ ಬೇಕಾಗ್ತದೆ."

ಅವನ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದ ಮುದುಕಿ, "ಇನ್ನೂ ಇಲ್ಲ ಕಣಪ್ಪ," ಅಂದರು.

ಎಲ್ಲರಿಗೂ ಒಟ್ಟಿಗೆ ಬಾಯಿ ಬಂತು.

"ಶಿವರಾಜು ಬರ್ಸಿರ್ತನ ಅಂತ..."

"ಅಣ್ಣನ ಕಡೆ ಇದ್ದದ ಅಂದ್ಕಂಡು..."

"ಅವ್ರು ಅಲ್ಲೇ ಉಣ್ಣದು ಸಾ," ಎಂದು ರತ್ನ ಕೊಟ್ಟಿಗೆಯ ಕಡೆ ತೋರಿಸಿದಳು. ಅದೇ ಹೊತ್ತಿಗೆ ಕೋಮಲ ಪಡಸಾಲೆಯ ಕಡೆ ಕೈ ತೋರಿಸಿದ್ದಳು. ಇಬ್ಬರ ಕೈಗಳೂ ಹಾಗೇ ನಿಂತವು. ರತ್ನ ಕೋಮಲಳನ್ನು ನೋಡಿದಳು. ಆ ಮುಖದಲ್ಲಿ ಸುಳ್ಳು ಇರಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ ರತ್ನಳಿಗೆ ಅದು ಗೊತ್ತಾಯಿತು.

"ಅಜ್ಜಿ, ನೀವು ಎಲ್ಲಿ ಊಟ ಮಾಡೋದು?" ವಿಎ ಕೇಳಿದ.

ದೊಡ್ಡಬಸಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಇಲ್ಲಿ ಅಲ್ಲುಂಡೆ ಅಂದೆ. ಅಲ್ಲಿ ಇಲ್ಲುಂಡೆ ಅಂದೆ. ಬೆಳಿಗ್ಗೆ ಪ್ರೇಮಾ ಒಂದು ಲೋಟ ಅಂಬ್ಲಿ ಕೊಡ್ತಳ. ಬೈಗಾದ್ರ ಒಂದು ತುಂಡು ತಣ್ಣನೆ ಹಿಟ್ಟು ಕೊಡ್ತಳ."

"ಯಾಕವ್ವಾ?" ಪ್ರಭುಸ್ವಾಮಿಯ ದನಿ ಒಡೆಯಿತು. "ಎರಡೆರಡು ಒಲೆ ಉರಿತಿದ್ದಾವಲ್ಲವ್ವಾ!"

"ತುತ್ತು ಬಾಯ್ಗಿಡಕಿಲ್ಲ, ಅಲ್ಲೇನ್ ಸಾರು ಅಂತಳ ಇವ್ಳು. ಅಲ್ಲಿಗೋದ್ರ ಅಕ್ಕ ಏನಂದ್ರು ಅಂತಳ ಅವ್ಳು. ನಾನು ಉಣ್ಣಕ ಓಯ್ತಿದ್ನಾ, ಸಾಕ್ಷಿ ಯೋಳಕ ಓಯ್ತಿದ್ನಾ? ಪ್ರೇಮಾ ಏನೂ ಕೇಳ್ನಿಲ್ಲ ಕಣಪ್ಪ. ಕೊಟ್ಟು ಒಳಕ್ಕೋಯ್ತಿದ್ಲು."

ಕೋಮಲ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ರತ್ನಳಿಗೆ ಅಳು ಬರಲಿಲ್ಲ. ಶ್ಯಾವಿಗೆಯ ತಟ್ಟೆ ಹಿಡಿದು ಕೇಳಿದ್ದ ಪ್ರಶ್ನೆ ನೆನಪಾಗಿ ನಾಚಿಕೆಯಿಂದ ಮೈ ಕುಗ್ಗಿಹೋಯಿತು.

ವಿಎ ಪೆನ್ನಿನ ಮುಚ್ಚಳ ತೆಗೆದ. ಅವನಿಗೆ ಇದು ಆ ಬೀದಿಯ ಆರನೆಯ ಮನೆ. "ನೋಡಿ, ನಾನು ಸತ್ಯ ಬರೀಬೇಕು. ಒಲೆ ಎರಡು ಇರೋದು ಕಾಣ್ತದೆ. ಎಷ್ಟು ದಿನದ್ದು ಅಂತ ಕೇಳಬೇಕಾಗ್ತದೆ. ಹಕ್ಕುಪತ್ರ ಅಜ್ಜಿ ಹೆಸರಲ್ಲಿ ಇರೋದ್ರಿಂದ ಅಜ್ಜಿ ಹೇಳಿದ್ರೆ ಸಾಕು, ಹಾಗೇ ಬರ್ಕೋತೀನಿ, ಕೆಳಗೆ ಹೆಬ್ಬೆಟ್ಟು ಒತ್ತಲಿ. ಅಜ್ಜಿ, ಮಕ್ಕಳು ಬೇರೆ ಆಗಿ ಎಷ್ಟು ದಿನ ಆಯ್ತು?"

ಮುದುಕಿ ಮೊದಲು ಹಿರಿಯ ಮಗನನ್ನು ನೋಡಿದರು. ಅವನು ತಲೆ ತಗ್ಗಿಸಿದ. ಕಿರಿಯವನನ್ನು ನೋಡಿದರು. ಅವನು ಕಣ್ಣಲ್ಲೇ, ಹೇಳವ್ವ, ಬಹಳ ವರ್ಷ ಆಯ್ತು ಅನ್ನು, ಎಂದು ಬೇಡಿದ. ಕೊನೆಗೆ ರತ್ನಳನ್ನು ನೋಡಿದರು. ಬೇಕಾದ್ದನ್ನು ಹೇಳುತ್ತೇನೆ, ಏನು ಹೇಳಲಿ ತಿಳಿಸು ಎನ್ನುವ ಹಾಗಿತ್ತು ಆ ನೋಟ. ಈ ಹೆಂಗಸು ಸಾಕ್ಷಿ ಹೇಳಲಾರದೆ ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಇದ್ದವರು. ಈಗ ಸೊಸೆಯ ಸೈಟಿಗಾಗಿ ಸುಳ್ಳು ಸಾಕ್ಷಿ ಹೇಳಲು ಬಾಯಿ ತೆರೆಯುತ್ತಿದ್ದರು.

"ಅವ್ರನ್ನ ಕೇಳ್ಬ್ಯಾಡಿ ಸಾ," ಅಂದಳು ರತ್ನ. ತನ್ನ ದನಿ ಇಷ್ಟು ಜೋರಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. "ನಾನ್ ಯೋಳ್ತೀನಿ. ನಾವು ಬೇರೆ ಆಗಿಲ್ಲ. ಸೈಟಿಗೋಸ್ಕರ ಒಲೆ ಹೂಡುದ್ವಿ. ಒಂದೇ ಅಂತ ಬರ್ಕಳಿ. ಏಳು ಜನ. ಮೊದಲು ಅತ್ತೆ ಹೆಸ್ರು ಬರೀರಿ."

"ಅತ್ಗೆ!" ಶಿವರಾಜು ಕೂಗಿದ. "ನಿಮಗೇನು ತಲೆ ಕೆಟ್ಟಿದ್ದದಾ?"

"ಈವತ್ತು ನೆಟ್ಟಗಾಯ್ತು ಕಣಪ್ಪ."

ವಿಎ ಎರಡನೆಯ ಅರ್ಜಿಯ ಮೇಲೆ ಅಡ್ಡಗೆರೆ ಎಳೆದ. ಆ ಗೆರೆ ಎಳೆಯುವಾಗ ರತ್ನಳ ಎದೆಯಲ್ಲಿ ನಿಜಕ್ಕೂ ಸಂಕಟವಾಯಿತು. ಏನು ಕಳೆದುಕೊಂಡೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತು ನಲವತ್ತರ ಒಂದು ಸೈಟಿನಲ್ಲಿ ಏಳು ಜನ, ಅದೇ ಕೋಮಲ, ಅದೇ ಹಾಲಿನ ಲೋಟ. ಅವಳದೇ ಬಾಗಿಲು, ಅವಳದೇ ಬೀಗ ಈ ಜನ್ಮದಲ್ಲಿ ಇನ್ನಿಲ್ಲ.

"ಈ ಮನೆ?" ವಿಎ ಮುದುಕಿಯನ್ನು ಕೇಳಿದ. "ಬಿಟ್ಟು ಬರ್ತೀರಾ, ಇಲ್ಲೇ ಕಟ್ತೀರಾ? ಬಂದ್ರೆ ವಾಪಸು ಬರೋ ಹಾಗಿಲ್ಲ."

ದೊಡ್ಡಬಸಮ್ಮ ಪ್ರಭುಸ್ವಾಮಿಯ ಕಡೆ ತಿರುಗಿದರು. "ಗದ್ದೆ ಎಲ್ಲಿಗೂ ಓಗಕಿಲ್ಲ ಕಣ್ಲಾ ಮಗ. ಸೈಕಲ್ಲು ತುಳ್ಕಂಡು ಬಾ. ಎಲ್ರೂ ಒಟ್ಗೆ ಓಗದಾದ್ರ ನಾನ್ ಬತ್ತೀನಿ. ಅವ್ಳು ಎಷ್ಟು ಅಂತ ಕೆಸ್ರು ಬಾಚ್ತಳ?" ಎಂದು ಎಡಗೈ ಮುಂದೆ ಚಾಚಿದರು. ಭವ್ಯ ಬಂದು ಅಜ್ಜಿಯ ಹೆಬ್ಬೆರಳಿಗೆ ಶಾಯಿ ಹಚ್ಚಿದಳು.

ಬೈಕು ಹೋದ ಮೇಲೆ ಶಿವರಾಜು ಆಟೋ ಸ್ಟಾರ್ಟ್ ಮಾಡಿಕೊಂಡು ಯಾರಿಗೂ ಹೇಳದೆ ಹೋದ. ಕೋಮಲ ಕೊಟ್ಟಿಗೆಯ ಒಲೆಗೆ ನೀರು ಹಾಕಿ, ಕುದಿಯುತ್ತಿದ್ದ ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಪಡಸಾಲೆಗೆ ಬಂದಳು. ಪಾತ್ರೆ ಇಳಿಸಿ ರತ್ನಳ ಮುಖವನ್ನೇ ದಿಟ್ಟಿಸಿದಳು.

"ಅಕ್ಕ, ನಿಜ ಯೋಳಿ. ಒಂದೇ ಸೈಟು ಆದ್ರ ನಿಮಗೆ ಏನ್ ಲಾಭ?"

ಕೋಮಲಳ ಜಾಗದಲ್ಲಿ ತಾನಿದ್ದರೂ ಅದನ್ನೇ ಕೇಳುತ್ತಿದ್ದೆ ಎಂದು ರತ್ನಳಿಗೆ ಗೊತ್ತಿತ್ತು. ಮುದ್ದೆ ಕಟ್ಟಿ, ತಟ್ಟೆಗೆ ಹಾಕಿ, ಎರಡೂ ಸಾರನ್ನು ಬಡಿಸಿ ಅತ್ತೆಯ ಮುಂದೆ ಇಟ್ಟಳು.

ದೊಡ್ಡಬಸಮ್ಮ ಉಣ್ಣತೊಡಗಿದರು. ಬೇಗ ಬೇಗ, ಸುತ್ತ ಯಾರೂ ಇಲ್ಲವೆನ್ನುವ ಹಾಗೆ ಉಂಡರು. ಇಬ್ಬರು ಸೊಸೆಯರೂ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಮುದ್ದೆ ಮುಗಿಯುತ್ತಾ ಬಂತು. ಇನ್ನೊಂದಿಷ್ಟು ಹಾಕಲಾ ಎಂದು ಕೇಳಲು ರತ್ನಳ ಬಾಯಿ ತೆರೆಯಿತು. ಮುಚ್ಚಿಕೊಂಡಳು. ಇನ್ನರ್ಧ ಮುದ್ದೆ ತಟ್ಟೆಗಿಟ್ಟು, ಕೋಮಲಳ ತೋಳು ಹಿಡಿದು ಎಬ್ಬಿಸಿಕೊಂಡು ಹೊರಗೆ ಹೋದಳು.